ಇಪ್ಪತ್ತೈದು ಲೀಟರ್

ಮಗ ಬರುವ ಶುಕ್ರವಾರ ಊಟಕ್ಕೆ ಮೀನು ಎಂಬುದು ಆ ಮನೆಯಲ್ಲಿ ಯಾರೂ ಬರೆದಿಡದ ಕಾನೂನು. ಅವನು ಬರುತ್ತಿದ್ದದ್ದು ಹದಿನೈದು ದಿನಕ್ಕೊಮ್ಮೆ. ಇನ್ನೂರ ಇಪ್ಪತ್ತೈದು ಕಿಲೋಮೀಟರ್ ದೂರದ ಬಂದರಿನಲ್ಲಿ ಅವನು ಕ್ರೇನ್ ಓಡಿಸುತ್ತಿದ್ದ. ಮಧ್ಯಾಹ್ನ ಎರಡಕ್ಕೆ ಪಾಳಿ ಮುಗಿಸಿ ತನ್ನ ಹಳೆಯ ಕಾರು ಹತ್ತಿದರೆ ಏಳರ ಹೊತ್ತಿಗೆ ಮನೆ. ಭಾನುವಾರ ಊಟ ಮಾಡಿ ಮೂರಕ್ಕೆ ವಾಪಸು. ಬಸ್ಸಿನಲ್ಲಾದರೆ ಎರಡು ಕಡೆ ಇಳಿದು ಹತ್ತಿ ಹನ್ನೊಂದು ಗಂಟೆ. ಹೀಗಾಗಿ ಕಾರಿದ್ದರೆ ಅವನ ಮುಖ, ಕಾರಿಲ್ಲದಿದ್ದರೆ ಬರೀ ಫೋನು.

ಮನೆಯಲ್ಲಿದ್ದವರು ಮೂವರು. ಅವನ ಅಪ್ಪನನ್ನು ಬೀದಿಯೆಲ್ಲ ಮೇಸ್ತ್ರಿ ಎಂದೇ ಕರೆಯುತ್ತಿತ್ತು. ನಲವತ್ತು ವರ್ಷ ಗ್ಯಾರೇಜಿನಲ್ಲಿ ದುಡಿದು, ಕೈ ನಡುಗಲು ಶುರುವಾದ ಮೇಲೆ ಮನೆ ಹಿಡಿದಿದ್ದ. ಸೊಸೆ ಪೇಟೆಯ ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುತ್ತಿದ್ದಳು. ಮೊಮ್ಮಗಳಿಗೆ ಹನ್ನೊಂದು ವರ್ಷ. ಹೆಸರು ಏನೇ ಇರಲಿ, ಮನೆಯವರ ಬಾಯಲ್ಲಿ ಗುಬ್ಬಿ.

ಆ ಶುಕ್ರವಾರ ಮಗ ಮೀನಿನ ಮುಳ್ಳು ಬಿಡಿಸುವುದಕ್ಕೂ ಮೊದಲೇ ಜೇಬಿನಿಂದ ಒಂದು ಕಾಗದ ತೆಗೆದು ತಟ್ಟೆಯ ಪಕ್ಕ ಇಟ್ಟ.

"ಆಫೀಸಿನೋರು ಪೆಟ್ರೋಲ್ ದುಡ್ಡು ಇಳಿಸಿದ್ದಾರೆ. ಒಂದು ಸಲ ಬಂದು ಹೋಗೋಕೆ ಎರಡೂವರೆ ಸಾವಿರ ಕೊಡ್ತಿದ್ರಲ್ಲ, ಇನ್ಮೇಲೆ ಎರಡು ಸಾವಿರದ ಮುನ್ನೂರ ಐವತ್ತು."

"ಯಾಕಂತೆ?" ಎಂದಳು ಸೊಸೆ.

"ಎಥನಾಲ್ ಬೆರೆಸಿದ ಪೆಟ್ರೋಲ್ ಬಂದಿದೆ. ಸಾದಾ ಪೆಟ್ರೋಲ್ ನೂರು, ಅದು ತೊಂಬತ್ನಾಲ್ಕು. ಅದನ್ನೇ ಹಾಕಿಸ್ಕೊಳ್ಳಿ ಅಂತಾರೆ. ನನಗೆ ಹೋಗಿ ಬರೋಕೆ ಇಪ್ಪತ್ತೈದು ಲೀಟರ್ ಬೇಕು. ತೊಂಬತ್ನಾಲ್ಕರ ಹಾಗೆ ಸರಿಯಾಗಿ ಅಷ್ಟೇ ಆಗುತ್ತೆ."

"ಆಗಲ್ಲ," ಎಂದ ಮೇಸ್ತ್ರಿ, ತಟ್ಟೆಯಿಂದ ತಲೆ ಎತ್ತದೆ.

"ಯಾಕಾಗಲ್ಲ ಅಪ್ಪ? ಇಪ್ಪತ್ತೈದು ಸಲ ತೊಂಬತ್ನಾಲ್ಕು. ಗುಬ್ಬಿನ ಕೇಳಿ."

"ಲೆಕ್ಕ ಸರಿ ಇದೆ, ಎಣ್ಣೆ ಸರಿ ಇಲ್ಲ. ಎಥನಾಲ್ ಅಂದ್ರೆ ಏನು? ಸಾರಾಯಿ. ಕುಡಿದೋನು ದಾರಿ ಸವೆಸಿದ್ದು ಎಲ್ಲಾದ್ರೂ ಕಂಡಿದ್ದೀಯಾ? ಬೆಲೆಯಲ್ಲಿ ಆರು ಕಡಿಮೆಯಾದ್ರೆ ಬಲದಲ್ಲಿ ಏಳು ಕಡಿಮೆಯಾಗುತ್ತೆ. ಲೀಟರಿಗೆ ಎಷ್ಟು ಅಂತ ಕೇಳ್ಬೇಡ ಕಣೋ, ಕಿಲೋಮೀಟರಿಗೆ ಎಷ್ಟು ಅಂತ ಕೇಳು."

"ನೀವು ಯಾವ ಹೊಸದನ್ನ ಒಪ್ಪಿದ್ದೀರಿ? ಗ್ಯಾಸ್ ಬಂದಾಗ್ಲೂ ಇದೇ ಹೇಳಿದ್ರಿ."

"ಗ್ಯಾಸಿನ ಮಾತು ಬೇರೆ."

"ನಿಮಗೆ ಎಲ್ಲದರ ಮಾತೂ ಬೇರೆ."

ಸೊಸೆ ಮಾವನಿಗೆ ಅನ್ನ ಬಡಿಸುವ ನೆಪದಲ್ಲಿ ನಡುವೆ ಕೈ ಚಾಚಿದಳು. ಅಪ್ಪ ಮಗ ಮಾತಾಡುತ್ತಿದ್ದದ್ದೇ ಕಾರಿನ ವಿಷಯ. ಆರೋಗ್ಯ ಹೇಗಿದೆ, ಅಲ್ಲಿ ಊಟ ಸರಿಯಾಗುತ್ತಾ ಎಂಬ ಮಾತುಗಳೆಲ್ಲ ಅವಳ ಮೂಲಕ ಹೋಗಿ ಬರಬೇಕು.

"ಕಾಗದದಲ್ಲಿ ಇನ್ನೊಂದು ಸಾಲಿದೆ," ಎಂದ ಮಗ. "ಓಡಾಟದ ದುಡ್ಡು ಬೇಡ ಅಂದೋರಿಗೆ ತಿಂಗಳಿಗೆ ಮೂರು ಸಾವಿರ ಸಂಬಳದ ಜೊತೆ ಸೇರಿಸ್ತಾರೆ. ಅವರಿಗೆ ಒಂದೂವರೆ ತಿಂಗಳಿಗೊಮ್ಮೆ ಕಂಪನಿ ಬಸ್ಸು."

ಮಹಡಿಯ ಮೇಲಿನ ಮಾಲೀಕ ಆ ತಿಂಗಳಷ್ಟೇ ಬಾಡಿಗೆ ಎರಡು ಸಾವಿರ ಏರಿಸಿದ್ದು ಎಲ್ಲರ ಮನಸ್ಸಿನಲ್ಲೂ ಇತ್ತು.

"ನಾನು ಒಂದು ತೀರ್ಮಾನಕ್ಕೆ ಬಂದಿದ್ದೀನಿ. ಮನೆ ದುಡ್ಡಲ್ಲಿ ಒಂದು ಬಿಡಿಗಾಸೂ ರಸ್ತೆಗೆ ಸುರಿಯಲ್ಲ. ಸೈನ್ ಹಾಕೋಕೆ ಎರಡು ತಿಂಗಳು ಟೈಮಿದೆ. ನಾಲ್ಕು ಸಲ ಎಥನಾಲ್ ಹಾಕಿ ನೋಡ್ತೀನಿ. ಇಪ್ಪತ್ತೈದು ಲೀಟರಲ್ಲಿ ಮುಗೀತಾ, ಬರ್ತಾ ಇರ್ತೀನಿ. ಮುಗೀಲಿಲ್ವಾ, ಮೂರು ಸಾವಿರಕ್ಕೆ ಸೈನ್ ಹಾಕಿ ಕಾರು ಮಾರಿಬಿಡ್ತೀನಿ. ಗಿರಾಕಿನೂ ಇದ್ದಾನೆ."

"ಒಂದೂವರೆ ತಿಂಗಳು ಅಂದ್ರೆ ಎಷ್ಟು ದಿನ?" ಎಂದಳು ಗುಬ್ಬಿ.

"ಊಟ ಮಾಡು," ಎಂದಳು ಅವಳ ತಾಯಿ.

ಮರುದಿನ ಮೇಸ್ತ್ರಿ ಚಾಪೆ ಹಾಸಿಕೊಂಡು ಕಾರಿನ ಕೆಳಗೆ ಮಲಗಿದ. ಬೆರಕೆ ಪೆಟ್ರೋಲು ಹಳೆಯ ರಬ್ಬರನ್ನು ತಿನ್ನುತ್ತದೆಂದು ಪೈಪು, ವಾಷರು ಎಲ್ಲ ಬದಲಾಯಿಸಿದ. ಮಗ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು ಕೇಳಿದ ಸ್ಪ್ಯಾನರ್ ಕೊಡುತ್ತಿದ್ದ. ಎರಡು ಗಂಟೆಯ ಹೊತ್ತು "ಹತ್ತು", "ಹನ್ನೆರಡು", "ಅದಲ್ಲ, ರಿಂಗು" ಎಂಬ ಮೂರೇ ಮಾತು. ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದ ಸೊಸೆಗೆ, ಅವರಿಬ್ಬರೂ ಅಷ್ಟು ಹತ್ತಿರ ಕೂತಿರುವುದು ಇದೊಂದೇ ಹೊತ್ತಿನಲ್ಲಿ ಎನಿಸಿತು. ಚಹಾ ಆಗಿದೆ ಎಂದು ಕೂಗಬೇಕೆಂದಿದ್ದವಳು ಇನ್ನೊಂದಿಷ್ಟು ಹೊತ್ತು ಕೂಗಲಿಲ್ಲ.

ಅಳೆಯುವ ಕ್ರಮವನ್ನು ಮಗ ಗುಬ್ಬಿಗೆ ಹೇಳಿಕೊಟ್ಟ. ಬಂದರಿನ ಬಂಕಿನಲ್ಲಿ ಹೊರಡುವಾಗ ಟ್ಯಾಂಕನ್ನು ಕತ್ತಿನವರೆಗೆ ತುಂಬಿಸುವುದು. ಮನೆಗೆ ಬಂದು, ವಾಪಸು ಹೋಗಿ, ಅದೇ ಬಂಕಿನಲ್ಲಿ ಮತ್ತೆ ಕತ್ತಿನವರೆಗೆ ತುಂಬಿಸುವುದು. ಎರಡನೇ ಸಲ ಎಷ್ಟು ಹಿಡಿಯಿತೋ ಅಷ್ಟು ಖರ್ಚಾಗಿದೆ ಎಂದರ್ಥ. ಗುಬ್ಬಿ ಅದನ್ನು ಕ್ಯಾಲೆಂಡರಿನ ಹಿಂದೆ ಬರೆದುಕೊಂಡಳು.

ಹದಿನೈದು ದಿನ ಕಳೆದು ಮೊದಲ ಪರೀಕ್ಷೆಯಾಯಿತು. ಭಾನುವಾರ ರಾತ್ರಿ ಊಟಕ್ಕೆ ಕುಳಿತಾಗ ಫೋನು ಬಂತು. ಗುಬ್ಬಿ ಸ್ಪೀಕರ್ ಒತ್ತಿ ತಟ್ಟೆಗಳ ನಡುವೆ ಇಟ್ಟಳು.

"ಇಪ್ಪತ್ತೇಳು," ಎಂದಿತು ಮಗನ ದನಿ.

"ಎಷ್ಟಾಯ್ತು?"

"ಎರಡು ಸಾವಿರದ ಐನೂರ ಮೂವತ್ತೆಂಟು. ಸಾದಾ ಹಾಕಿದ್ರೂ ಎರಡೂವರೆಗೆ ಮುಗೀತಿತ್ತು."

ಮೇಸ್ತ್ರಿ ತೊಡೆ ತಟ್ಟಿದ. "ನಾನೇನು ಹೇಳಿದ್ದೆ? ಆರು ಉಳಿಸೋಕೆ ಹೋಗಿ ಏಳು ಕಳ್ಕೊಳ್ಳೋದು ಅಂತ ಹೇಳಿದ್ನೋ ಇಲ್ವೋ? ಗ್ಯಾರೇಜಿನಲ್ಲಿ ತಲೆ ಬೆಳ್ಳಗಾಗಿದ್ದು ಸುಮ್ಮನೆ ಅಲ್ಲ."

"ಒಂದು ಸಲಕ್ಕೇ ಹೇಳೋಕಾಗಲ್ಲ ಅಪ್ಪ. ಎದುರು ಗಾಳಿ ಇತ್ತು, ಸೇತುವೆ ಹತ್ರ ಅರ್ಧ ಗಂಟೆ ನಿಂತಿದ್ದೆ."

"ಗಾಳಿ ಮೇಲೆ ಹಾಕು. ಇನ್ನು ಮೂರು ಸಲ ನೋಡು, ಮೂರು ಸಲವೂ ಇಪ್ಪತ್ತೇಳೇ."

ಫೋನು ಕಟ್ಟಾಯಿತು. ಮೇಸ್ತ್ರಿ ಗೆಲುವಿನಿಂದ ಎರಡನೇ ಸಲ ಅನ್ನ ಕೇಳಿದ. ಬಡಿಸುವವರು ಇರಲಿಲ್ಲ. ಸೊಸೆ ಎದ್ದು ಹಿತ್ತಲಿಗೆ ಹೋಗಿದ್ದಳು. ಅವಳ ತಟ್ಟೆಯಲ್ಲಿ ಒಂದು ತುತ್ತೂ ಕಡಿಮೆಯಾಗಿರಲಿಲ್ಲ.

"ತಾತ, ಹಾಗಾದ್ರೆ ಅಪ್ಪ ಬರಲ್ವಾ?" ಎಂದಳು ಗುಬ್ಬಿ.

ಮೇಸ್ತ್ರಿ ಅನ್ನದ ಪಾತ್ರೆ ನೋಡಿದ, ತನ್ನ ಖಾಲಿ ತಟ್ಟೆ ನೋಡಿದ. ಅದರಲ್ಲೇ ಕೈ ತೊಳೆದುಕೊಂಡ.

ಆ ವಾರದಿಂದ ಅವನು ಬೆಳಿಗ್ಗೆ ಆರಕ್ಕೆಲ್ಲ ಮನೆಯಿಂದ ಹೊರಡಲು ಶುರುಮಾಡಿದ. ಕೇಳಿದರೆ ನಡಿಗೆ ಎಂದ. ಡಾಕ್ಟರು ಹೇಳಿದ್ದಾರೆ ಎಂದ. ಯಾವ ಡಾಕ್ಟರು ಎಂದರೆ, ಎಲ್ಲ ಡಾಕ್ಟರೂ ಅದನ್ನೇ ಹೇಳೋದು ಎಂದ. ಒಂಬತ್ತಕ್ಕೆ ಸೊಸೆ ಅಂಗಡಿಗೆ ಹೊರಡುವ ಹೊತ್ತಿಗೆ ಬೆವರಿ ಬರುತ್ತಿದ್ದ. ಬಟ್ಟೆ ಸೋಪು ತಿಂಗಳ ಮಧ್ಯಕ್ಕೇ ಮುಗಿದದ್ದನ್ನೂ ಮಾವನ ಉಗುರಿನ ಸಂದಿ ಕಪ್ಪಾಗಿರುವುದನ್ನೂ ಅವಳು ಕಂಡಿದ್ದಳು. ಹಳೆಯ ಗ್ಯಾರೇಜಿನ ಮುಂದೆ ಹರಟೆ ಹೊಡೆಯುತ್ತಾ ಕೂರುತ್ತಾನೇನೋ, ಮುಟ್ಟದೆ ಇರಲಾರ ಎಂದುಕೊಂಡು ಸುಮ್ಮನಾದಳು.

ಎರಡನೇ ಸಲ ಫೋನಿನಲ್ಲಿ ಮಗನ ದನಿಯೇ ಬೇರೆ.

"ಸರಿಯಾಗಿ ಇಪ್ಪತ್ತೈದು. ಎರಡು ಸಾವಿರದ ಮುನ್ನೂರ ಐವತ್ತು."

ಗುಬ್ಬಿ ಎದ್ದು ಕುಣಿದಳು. ಸೊಸೆ ಲೋಟಕ್ಕೆ ನೀರು ಬಗ್ಗಿಸುತ್ತಿದ್ದವಳು ನೀರು ತುಂಬಿ ಚೆಲ್ಲುವವರೆಗೂ ನಿಲ್ಲಿಸಲಿಲ್ಲ.

"ಗಾಳಿ ಹಿಂದಿನಿಂದ ಬೀಸಿರಬೇಕು," ಎಂದು ಗೊಣಗಿದ ಮೇಸ್ತ್ರಿ.

"ಪೈಪ್ ಬದಲಾಯಿಸಿದ್ದು ನೀವೇ ಅಲ್ವಾ ಅಪ್ಪ. ಅದಕ್ಕೇ ಇರಬಹುದು."

ಮಗ ತನ್ನ ಕೆಲಸವನ್ನು ಹೊಗಳಿದ್ದು ಮೇಸ್ತ್ರಿಗೆ ಎಷ್ಟೋ ವರ್ಷಗಳ ಮೇಲೆ. ಅವನು ಮೊಸರನ್ನದಲ್ಲಿ ಬೆರಳಾಡಿಸಿದ.

ಮೂರನೇ ಸಲವೂ ಇಪ್ಪತ್ತೈದೇ. ಸೊಸೆ ಮರುದಿನ ಅಂಗಡಿಯಲ್ಲಿ ನಗುನಗುತ್ತಾ ಕೆಲಸ ಮಾಡಿದಳು. ಗಂಡ ಬಂದು ಹೋದ ಮರುದಿನ ಅವಳಿಗೆ ಯಾವಾಗಲೂ ಕಷ್ಟ: ಅವನು ಒರೆಸಿಕೊಂಡ ಟವೆಲು ಇನ್ನೂ ಹಸಿಯಾಗಿರುತ್ತದೆ, ಒಗೆಯಲು ಮನಸ್ಸು ಬರುವುದಿಲ್ಲ. ಈ ಸಲ ಸೋಮವಾರವೇ ಒಗೆದು ಹಾಕಿದಳು. ಇನ್ನು ಹದಿನೈದು ದಿನಕ್ಕೆ ಬರುವವನೇ ತಾನೆ.

ಆ ಸೋಮವಾರದ ರಾತ್ರಿ ಊಟಕ್ಕೆ ಮೊಟ್ಟೆ ಹುರಿದಿದ್ದಳು. ಗುಬ್ಬಿ ಒಂದು ತುತ್ತು ಬಾಯಿಗಿಟ್ಟು ಉಗುಳಿದಳು.

"ಅಮ್ಮ, ಮೊಟ್ಟೆ ಬಂಕಿನ ವಾಸನೆ ಹೊಡೀತಿದೆ."

"ಸೊಕ್ಕು ನಿನಗೆ." ಸೊಸೆ ತಾನೂ ರುಚಿ ನೋಡಿದಳು. ಹೌದು. ಎಣ್ಣೆಯ ಬಾಟಲಿ ಮೂಸಿದಳು, ಅದೂ ಹೌದು. ಬೆಳಿಗ್ಗೆ ದೊಡ್ಡ ಡಬ್ಬದಿಂದ ಬಾಟಲಿಗೆ ಎಣ್ಣೆ ಬಗ್ಗಿಸಿದ್ದ ಆಲಿಕೆಯನ್ನು ಮೂಗಿನ ಹತ್ತಿರ ಹಿಡಿದಳು. ಮಾವ ಆಗಲೇ ತಟ್ಟೆ ಬಿಟ್ಟು ಹಿತ್ತಲಿನ ಕಟ್ಟೆಯ ಮೇಲೆ ಹೋಗಿ ಕುಳಿತಿದ್ದ.

"ಮಾವ, ಇದನ್ನ ಸ್ವಲ್ಪ ಮೂಸಿ ನೋಡಿ."

ಮೇಸ್ತ್ರಿ ಮೂಸಿದ. "ಪೆಟ್ರೋಲು," ಎಂದ. ಆಮೇಲೆ ತಡೆಯಲಾಗದೆ ಸೇರಿಸಿದ: "ಸಾದಾ. ಬೆರಕೆ ನಾನು ಕೈಯಲ್ಲಿ ಮುಟ್ಟಲ್ಲ."

ಕಟ್ಟೆಯ ಹಿಂದೆ ಗೋಣಿಚೀಲದ ಅಡಿಯಲ್ಲಿ ಐದು ಲೀಟರಿನ ತಗಡಿನ ಡಬ್ಬವಿತ್ತು. ಅವಳು ಅದನ್ನು ಎಳೆದು ಅಲ್ಲಾಡಿಸಿದಳು.

"ಎಷ್ಟು ಹಾಕಿದ್ರಿ?"

"ಕಾರಿಗೆ ಎರಡು ಲೀಟರ್. ಅವನು ಸ್ನಾನಕ್ಕೆ ಹೋದಾಗ. ಹೋದ ಸಲ ಎರಡು, ಈ ಸಲ ಎರಡು."

"ದುಡ್ಡು?"

"ನನ್ನ ಶಿಷ್ಯನ ಗ್ಯಾರೇಜಲ್ಲಿ ಪಂಕ್ಚರ್ ಹಾಕ್ತೀನಿ. ಇಂಜಿನ್ ಬಿಚ್ಚೋಕೆ ಈ ಕೈ ಆಗಲ್ಲ. ಟ್ಯೂಬ್ ಉಜ್ಜೋಕೆ ನಡುಗೋ ಕೈಯಾದ್ರೂ ನಡೆಯುತ್ತೆ, ಇನ್ನೂ ಚೆನ್ನಾಗೇ ಉಜ್ಜುತ್ತೆ."

ಅವಳಿಗೆ ನಗು ಬಂತು, ನಗಲಿಲ್ಲ. "ಇದು ಉಳಿಸಲ್ಲ ಅಂತ ಹೇಳಿದ್ದು ನೀವೇ ಅಲ್ವಾ?"

"ಈಗಲೂ ಅದನ್ನೇ ಹೇಳ್ತೀನಿ. ಉಳಿಸಲ್ಲ."

"ಮತ್ತೆ ಇದು?"

"ಅವತ್ತು ಗೆದ್ದೆ ಅಂತ ತೊಡೆ ತಟ್ಟಿದೆ. ಆಮೇಲೆ ನಿನ್ನ ತಟ್ಟೆ ನೋಡ್ದೆ."

"ನನಗೋಸ್ಕರ ಮಾಡಿದ್ರಾ?"

ಮೇಸ್ತ್ರಿ ಮನೆಯ ಪಕ್ಕದ ಸಂದಿಯಲ್ಲಿ ಕಾಣುವ ಬೀದಿಯ ಕಡೆ ನೋಡಿದ. ಮಗ ಕಾರು ನಿಲ್ಲಿಸುವ ಜಾಗದಲ್ಲಿ ಯಾರದೋ ಸೈಕಲ್ಲು ನಿಂತಿತ್ತು.

"ನಿನಗೋಸ್ಕರ ಅಂತಲೇ ಇಟ್ಕೋ ತಾಯಿ," ಎಂದ. ಆಮೇಲೆ ಕೇಳಿದ: "ಅವನಿಗೆ ಹೇಳ್ತೀಯಾ?"

"ಹೇಳದೆ ಇದ್ರೆ ಮೋಸ ಆಗುತ್ತೆ ಮಾವ."

"ಆಗುತ್ತೆ."

ಬುಧವಾರ ಗಂಡ ಫೋನು ಮಾಡಿದಾಗ ಹೇಳಿಬಿಡಬೇಕು ಎಂದು ನಿಶ್ಚಯಿಸಿಕೊಂಡೇ ಅವಳು ಫೋನು ಎತ್ತಿದಳು. ಅವನು, "ಎರಡು ಸಲ ಇಪ್ಪತ್ತೈದು ಕಣೇ. ಇನ್ನೊಂದೇ ಒಂದು," ಎಂದ. ಅವನ ದನಿಯಲ್ಲಿ ಶಾಲೆಯ ಫಲಿತಾಂಶಕ್ಕೆ ಕಾಯುವ ಹುಡುಗನ ಆತುರವಿತ್ತು.

"ಊಟ ಆಯ್ತಾ?" ಎಂದು ಕೇಳಿದಳು ಅವಳು.

ನಾಲ್ಕನೇ ಸಲದ ಹೊತ್ತಿಗೆ ಮೇಸ್ತ್ರಿಯ ಬಲ ಮಣಿಕಟ್ಟು ಊದಿಕೊಂಡಿತ್ತು. ಲಾರಿಯ ಟಯರು ಬಿಚ್ಚಲು ಹೋಗಿ ಕಬ್ಬಿಣದ ಸಲಾಕೆ ಚಿಮ್ಮಿತ್ತು. ಮಗ ಬಂದವನೇ ಕೈಗೆ ಕಟ್ಟಿದ ಪಟ್ಟಿ ನೋಡಿದ.

"ಏನಾಯ್ತು ಅಪ್ಪ?"

"ಬಚ್ಚಲಲ್ಲಿ ಜಾರ್ದೆ."

"ಡಾಕ್ಟರ್ ಹತ್ರ ಹೋಗಿದ್ರಾ?"

"ನಿನ್ನ ಸೈಲೆನ್ಸರ್ ಸದ್ದು ಬದಲಾಗಿದೆ, ಅದನ್ನ ನೋಡು ಮೊದಲು."

ಶನಿವಾರ ಮಗ ಹತ್ತರವರೆಗೆ ಮಲಗಿದ. ಎದ್ದು ಬಂದು ಅಡುಗೆಮನೆಯ ಹೊಸ್ತಿಲಲ್ಲಿ ಚಹಾ ಹಿಡಿದು ಕುಳಿತ. ಸೊಸೆ ತರಕಾರಿ ಹೆಚ್ಚುತ್ತಿದ್ದಳು. ಗುಬ್ಬಿ ಆಡಲು ಹೋಗಿದ್ದಳು, ಮೇಸ್ತ್ರಿ ಹೊರಗಿದ್ದ. ಮನೆಯಲ್ಲಿ ಅವರಿಬ್ಬರೇ ಇರುವುದು ತಿಂಗಳಲ್ಲಿ ಇಷ್ಟೇ ಹೊತ್ತು. ಅಷ್ಟು ಹೊತ್ತಿಗಾಗಿ ಅವಳು ಅಂಗಡಿಯಲ್ಲಿ ಎರಡು ಸಂಜೆ ಹೆಚ್ಚು ನಿಂತು ರಜೆ ಪಡೆದಿದ್ದಳು.

"ಬಾಡಿಗೆ ಕೊಟ್ಟೆ," ಎಂದಳು. "ಮುಂದಿನ ತಿಂಗಳದ್ದು ಹೊಂದಿಸಬೇಕು. ಗುಬ್ಬಿ ಶೂ ಕಚ್ಚುತ್ತಂತೆ."

ಅವನು ಲೋಟ ತಿರುಗಿಸುತ್ತಿದ್ದ. "ಮೇಲೆ ಕ್ಯಾಬಿನ್‌ನಲ್ಲಿ ಎಂಟು ಗಂಟೆ ಒಬ್ಬನೇ ಕೂತಿರ್ತೀನಿ. ವೈರ್‌ಲೆಸ್‌ನಲ್ಲಿ ಬರೋದು ಎರಡೇ ಮಾತು. ಎತ್ತು, ಇಳಿಸು. ಮನೆಗೆ ಬಂದ್ರೆ ಅಪ್ಪನಿಗೆ ಕಾರು, ನಿನಗೆ ಬಾಡಿಗೆ. ನಾನು ಬರದೇ ದುಡ್ಡು ಬಂದ್ರೂ ಇಲ್ಲಿ ನಡೆಯುತ್ತೇನೋ ಅನ್ಸುತ್ತೆ ಒಂದೊಂದು ಸಲ."

ಅವಳು ಚಾಕು ಕೆಳಗಿಟ್ಟಳು. "ಬರದೇ ಇರೋಕೆ ಲೆಕ್ಕ ಹುಡುಕ್ತಿದ್ದೀರಾ ನೀವು?"

"ಬರೋಕೆ ಹುಡುಕ್ತಿದ್ದೀನಿ," ಎಂದ ಅವನು.

"ಅದಕ್ಕೆ ಲೀಟರ್ ಯಾಕೆ ಬೇಕು?"

"ಇನ್ನೇನಿದೆ ನನ್ನ ಹತ್ರ? ಮೂರು ಸಾವಿರ ಬಿಟ್ಟು ಬರ್ತೀನಿ ಅಂದ್ರೆ ಯಾರಿಗಾದ್ರೂ ಏನಾದ್ರೂ ಸಮಾಧಾನ ಹೇಳ್ಬೇಕಲ್ಲ. ನನಗೇ ಹೇಳ್ಕೋಬೇಕಲ್ಲ."

ಅವಳು ಏನೋ ಹೇಳಬೇಕೆಂದಿದ್ದಳು. ಅಷ್ಟರಲ್ಲಿ ಗುಬ್ಬಿ ಮಂಡಿ ತರಚಿಕೊಂಡು ಅಳುತ್ತಾ ಬಂದಳು. ಆ ಮಾತು ಅಲ್ಲಿಗೇ ನಿಂತಿತು, ಆ ಬೆಳಗೂ ಅಲ್ಲಿಗೆ ಮುಗಿಯಿತು.

ಭಾನುವಾರ ಗಂಡ ಗುಬ್ಬಿಯನ್ನು ಕರೆದುಕೊಂಡು ಶೂ ತರಲು ನಡೆದೇ ಹೋದ. ಮೇಸ್ತ್ರಿ ಊದಿದ ಕೈಯನ್ನು ಎದೆಗೆ ಒತ್ತಿಕೊಂಡು ಬಾಗಿಲಲ್ಲಿ ಕಾವಲು ನಿಂತ. ಡಬ್ಬದ ತುಂಬ ಪೆಟ್ರೋಲು ಅವನು ಹಿಂದಿನ ದಿನವೇ ತಂದಿಟ್ಟಿದ್ದ. ಉಳಿದದ್ದು ಮುಂದಕ್ಕಾಗುತ್ತದೆ ಎಂಬ ಲೆಕ್ಕ. ಈ ಸಲ ಹಾಕಬೇಕಾದವಳು ಸೊಸೆ.

"ಡಬ್ಬದ ಮೇಲೆ ಗೀರು ಹಾಕಿದ್ದೀನಿ. ಎರಡನೇ ಗೀರು ಬಂದ ತಕ್ಷಣ ನಿಲ್ಲಿಸು," ಎಂದ.

ಅವಳು ಆಲಿಕೆ ಇಟ್ಟು ಬಗ್ಗಿಸಿದಳು. ಪೆಟ್ರೋಲು ಗುಳುಗುಳು ಇಳಿಯಿತು. ಎರಡನೇ ಗೀರು ಬಂತು. ಅವಳು ಡಬ್ಬ ನೆಟ್ಟಗೆ ಮಾಡಿದಳು, ಬೀದಿಯ ತುದಿ ನೋಡಿದಳು. ಇಪ್ಪತ್ತಾರು ಬಂದರೆ? ಎದುರು ಗಾಳಿ ಬೀಸಿದರೆ? ಸೇತುವೆಯ ಬಳಿ ಮತ್ತೆ ನಿಲ್ಲಬೇಕಾದರೆ? ಅವಳು ಮತ್ತೆ ಬಗ್ಗಿಸಿದಳು. ಡಬ್ಬ ಹಗುರವಾಗಿ, ಕೊನೆಯ ಹನಿ ಬೀಳುವವರೆಗೆ ಎತ್ತಿ ಹಿಡಿದಳು.

"ಆಯ್ತಾ?" ಎಂದ ಮೇಸ್ತ್ರಿ ಬಾಗಿಲಿಂದ.

"ಆಯ್ತು."

ರಾತ್ರಿ ಫೋನು ಬಂತು. ಸ್ಪೀಕರಿನಲ್ಲಿ ಸ್ವಲ್ಪ ಹೊತ್ತು ಬಂಕಿನ ಗದ್ದಲ ಮಾತ್ರ ಕೇಳಿಸಿತು.

"ಇಪ್ಪತ್ತೆರಡು," ಎಂದ ಮಗ.

"ಅಪ್ಪ, ಮೂರು ಲೀಟರ್ ಉಳೀತು," ಎಂದು ಗುಬ್ಬಿ ಚಪ್ಪಾಳೆ ತಟ್ಟಿದಳು. ಮೇಸ್ತ್ರಿ ನಿಧಾನವಾಗಿ ಸೊಸೆಯ ಕಡೆ ತಿರುಗಿದ. ಸೊಸೆ ತಟ್ಟೆ ನೋಡುತ್ತಿದ್ದಳು.

"ಹೂಂ, ಉಳೀತು," ಎಂದ ಮಗ. "ಈ ಕಾರು ಹೊಸದಾಗಿದ್ದಾಗ್ಲೂ ಇಷ್ಟು ಕೊಟ್ಟಿರಲಿಲ್ಲ." ಫೋನು ಇಟ್ಟ.

ಆ ವಾರ ಅವನು ಸರಿಯಾಗಿ ಮಾತಾಡಲಿಲ್ಲ. ಕೆಲಸ ಜಾಸ್ತಿ ಎಂದ, ನಿದ್ದೆ ಬರುತ್ತಿದೆ ಎಂದ. ಸೊಸೆ ಅಂಗಡಿಯಲ್ಲಿ ಒಬ್ಬರ ಗಾಜನ್ನು ಇನ್ನೊಬ್ಬರ ಚೌಕಟ್ಟಿಗೆ ಕೂರಿಸಿ ಬೈಸಿಕೊಂಡಳು. ಮೇಸ್ತ್ರಿ ಒಂದೇ ಒಂದು ಸಲ ಕೇಳಿದ: "ಪೂರ್ತಿ ಸುರಿದೆಯಾ?" ಅವಳು ಹೌದೆಂದಳು. ಅವನು ಬೈಯಲಿಲ್ಲ. "ನಾನಾಗಿದ್ರೂ ಅದೇ ಮಾಡ್ತಿದ್ನೇನೋ," ಎಂದು ಹೇಳಿ ಒಲೆಯ ಮೇಲಿನ ಹಾಲು ನೋಡಲು ಎದ್ದ.

ಮುಂದಿನ ಶನಿವಾರ ಅವನು ಬರುವ ವಾರವಲ್ಲ. ಮಧ್ಯಾಹ್ನ ಒಂದರ ಹೊತ್ತಿಗೆ ಬಾಗಿಲು ತಟ್ಟಿದ ಸದ್ದಾಯಿತು. ಅಂದು ಅಂಗಡಿಗೆ ರಜೆ, ಸೊಸೆ ಸೌಟು ಹಿಡಿದೇ ಹೋಗಿ ತೆರೆದಳು. ಗಂಡ ನಿಂತಿದ್ದ, ಶರ್ಟಿನ ಬೆನ್ನು ಮುದುಡಿತ್ತು, ಕಣ್ಣು ಕೆಂಪಾಗಿತ್ತು. ಬೀದಿಯಲ್ಲಿ ಕಾರಿರಲಿಲ್ಲ.

ಅವಳಿಗೆ ಮೊದಲು ಬಂದದ್ದು ಸಂತೋಷವೇ. ಅದು ಮುಖದಲ್ಲೆಲ್ಲ ಹರಡಿದ ಮೇಲೆ ಅವನ ಮುಖ ಕಾಣಿಸಿತು.

"ಬಸ್ಸಲ್ಲಿ ಬಂದ್ರಾ? ಹನ್ನೊಂದು ಗಂಟೆ?"

"ಹನ್ನೆರಡಾಯ್ತು. ಆರಕ್ಕೆ ವಾಪಸು ಬಸ್ಸು. ಊಟ ಇದೆಯಾ?"

ಅನ್ನ, ಬೇಳೆ, ಎರಡು ಮೊಟ್ಟೆ ಇದ್ದವು. ಅವನು ಕೈಕಾಲು ತೊಳೆದು ಬಂದು ನಾಲ್ಕು ತಟ್ಟೆಗಳನ್ನೂ ನೋಡಿದ.

"ಮೊಟ್ಟೆ ಎರಡೇನಾ?"

"ನೀವು ಬರ್ತೀರಿ ಅಂತ ಗೊತ್ತಿರಲಿಲ್ಲ. ಗುಬ್ಬಿಗೆ ಒಂದು, ಮಾವನಿಗೆ ಒಂದು."

"ನಿನಗೆ?"

"ನನಗೆ ಸೇರಲ್ಲ."

"ಯಾವಾಗಿಂದ?" ಅವನು ಎದ್ದು ಅಡುಗೆಮನೆಗೆ ಹೋಗಿ ಅಕ್ಕಿ ಡಬ್ಬದ ಮುಚ್ಚಳ ತೆಗೆದ, ಬೇಳೆ ಡಬ್ಬದ್ದು ತೆಗೆದ, ಸಕ್ಕರೆಯದ್ದೂ ತೆಗೆದ. ವಾಪಸು ಬಂದು ಅಪ್ಪನ ಎದುರು ಕುಳಿತ. "ಕೈ ತೋರಿಸಿ."

ಮೇಸ್ತ್ರಿ ಎಡಗೈ ಚಾಚಿದ. ಮಗ ಉಗುರುಗಳನ್ನು ಒಂದೊಂದಾಗಿ ನೋಡಿದ.

"ಎಲ್ಲಿ ಕೆಲಸ ಮಾಡ್ತಿದ್ದೀರಿ?"

"ಪಂಕ್ಚರ್."

"ಎಷ್ಟು ಹಾಕಿದ್ರಿ?"

"ಎರಡು ಸಲ, ಎರಡೆರಡು."

"ಹೋದ ವಾರದ ಐದು?"

"ಅದು ನಾನು," ಎಂದಳು ಸೊಸೆ.

ಗುಬ್ಬಿಗೆ ಆಗಷ್ಟೇ ವಿಷಯ ತಿಳಿಯಿತು. ಅವಳು ಅಮ್ಮನನ್ನೂ ತಾತನನ್ನೂ ಬಾಯಿ ತೆರೆದು ನೋಡಿದಳು. "ಹಾಗಾದ್ರೆ ನನ್ನ ಲೆಕ್ಕ ಎಲ್ಲ ಸುಳ್ಳಾ?"

"ಎರಡನೇ ಸಲಾನೇ ಅನುಮಾನ ಬಂತು," ಎಂದ ಮಗ. "ಮೂರನೇ ಸಲ ಪೆಟ್ರೋಲ್ ಮೀಟರಿನ ಮುಳ್ಳಿಗೆ ಗುರುತು ಹಾಕ್ಕೊಂಡಿದ್ದೆ. ಬಂದು ನಿಲ್ಸಿದಾಗ ಇದ್ದದ್ದಕ್ಕಿಂತ ಹೊರಡುವಾಗ ಮೇಲಿತ್ತು."

"ಗೊತ್ತಿದ್ದೂ ಯಾಕೆ ಸುಮ್ಮನಿದ್ರಿ?" ಎಂದಳು ಸೊಸೆ.

ಅವನು ಅನ್ನ ಕಲಸಿದ, ತಿನ್ನಲಿಲ್ಲ. "ಯಾರೋ ಹಾಕ್ತಿದ್ದಾರಲ್ಲ ಅಂತ. ದಾರಿಯುದ್ದಕ್ಕೂ ಅದನ್ನೇ ನೆನಸ್ಕೊಂಡು ಹೋದೆ. ಹೇಳಿದ್ರೆ ನಿಂತುಹೋಗುತ್ತಲ್ಲ ಅಂತ ಹೇಳ್ಲಿಲ್ಲ." ಆಮೇಲೆ ಅಂದ: "ಆದ್ರೆ ಐದು ಲೀಟರ್ ಅಂದ್ರೆ ಐನೂರು. ಇಲ್ಲಿ ಏನು ತಿಂತಿದ್ದಾರೆ ಇವರು ಅನ್ನಿಸ್ತು. ನಿದ್ದೆ ಬರ್ಲಿಲ್ಲ. ಅದನ್ನ ನೋಡೋಕೇ ಬಂದೆ."

"ಹೊಟ್ಟೆಗೇನೂ ಕಡಿಮೆ ಮಾಡಿಲ್ಲ," ಎಂದ ಮೇಸ್ತ್ರಿ. "ಪಂಕ್ಚರ್ ದುಡ್ಡು ಅದು. ನನ್ನ ದುಡ್ಡು."

"ಅಪ್ಪ, ನಾನು ಬರಬೇಕು ಅಂತ ಇದ್ರೆ ಬಾ ಅಂತ ಒಂದು ಮಾತು ಹೇಳೋಕೆ ಆಗ್ತಿರಲಿಲ್ವಾ? ಕೈ ಮುರ್ಕೊಳ್ಳೋ ಬದಲು?"

ಮೇಸ್ತ್ರಿ ಪಟ್ಟಿ ಕಟ್ಟಿದ ಕೈಯನ್ನು ಮಡಿಲಿಗೆ ಎಳೆದುಕೊಂಡ. "ಹೇಳಿದ್ರೆ ನೀನು ಲೆಕ್ಕ ಕೇಳ್ತಿದ್ದೆ," ಎಂದ. "ನನ್ನ ಹತ್ರ ಲೆಕ್ಕ ಇರಲಿಲ್ಲ. ಎಥನಾಲ್ ನಷ್ಟ ಅಂತ ನಾನೇ ಹೇಳಿಬಿಟ್ಟಿದ್ದೆ."

ಮಗನಿಗೆ ನಗು ಬಂತೋ ಅಳು ಬಂತೋ, ಅವನು ಮುಖ ತಗ್ಗಿಸಿ ಗಬಗಬನೆ ಉಂಡ. ಸೊಸೆ ಎದ್ದು ಹೋಗಿ ಅಂಗಡಿಯಿಂದ ನಾಲ್ಕು ಮೊಟ್ಟೆ ತಂದಳು.

ಆ ಮಧ್ಯಾಹ್ನ ನಾಲ್ವರೂ ಕೂತು ಮಾತಾಡಿದರು. ಕಾಗದಕ್ಕೆ ಸೈನ್ ಹಾಕಲು ಸೋಮವಾರ ಕೊನೆಯ ದಿನ. ಇಪ್ಪತ್ತೈದರಲ್ಲಿ ಮುಗಿಯುವುದಿಲ್ಲ, ಇಪ್ಪತ್ತೇಳೇ ನಿಜ. ಅದರಲ್ಲಿ ಯಾರಿಗೂ ಸಂದೇಹ ಉಳಿದಿರಲಿಲ್ಲ.

"ಗುಮಾಸ್ತನ್ನ ಕೇಳ್ದೆ," ಎಂದ ಮಗ. "ತಿಂಗಳಿಗೆ ಎರಡು ಸಲದ ಬದಲು ಒಂದೇ ಸಲದ ಪೆಟ್ರೋಲ್ ದುಡ್ಡು ತಗೊಂಡ್ರೆ ಒಂದೂವರೆ ಸಾವಿರ ಸಂಬಳಕ್ಕೆ ಹಾಕ್ತಾರಂತೆ. ಇಷ್ಟು ದಿನ ಯಾರೂ ಕೇಳಿರಲಿಲ್ಲವಂತೆ."

"ಬಾಡಿಗೆ ಏರಿದ್ದು ಎರಡು," ಎಂದಳು ಸೊಸೆ.

"ಉಳಿದ ಐನೂರೂ ಪೆಟ್ರೋಲಿಗೆ ಕಡಿಮೆ ಬೀಳೋದೂ ನಾನು ನೋಡ್ಕೊಳ್ತೀನಿ," ಎಂದ ಮೇಸ್ತ್ರಿ. "ಪಂಕ್ಚರ್ ಬಿಡಲ್ಲ. ಲಾರಿ ಟಯರ್ ಮಾತ್ರ ಮುಟ್ಟಲ್ಲ."

"ಕಾರು?"

"ಇಟ್ಕೋ. ಮಾರ್ಬೇಡ."

"ಯಾವ ಪೆಟ್ರೋಲ್ ಹಾಕ್ಲಿ?"

"ಯಾವುದಾದ್ರೂ ಹಾಕು. ಹೋಗಿ ಬರೋಕೆ ಮೂವತ್ತೆಂಟು ರೂಪಾಯಿ ವ್ಯತ್ಯಾಸ. ಅದಕ್ಕೆ ಇಷ್ಟು ಕುಣಿದ್ವಿ."

ಸೊಸೆ ಗೋಡೆಗೊರಗಿ ಕುಳಿತು ಕೇಳುತ್ತಿದ್ದಳು. ತಿಂಗಳಿಗೊಮ್ಮೆ. ಹದಿನೈದು ದಿನ ಮೂವತ್ತಾಯಿತು. ಬೇಡ, ನೀವೇ ಬನ್ನಿ, ಬಾಡಿಗೆ ಹೇಗೋ ನೋಡೋಣ ಎಂದು ಹೇಳಬೇಕೆನಿಸಿತು. ಆದರೆ ಅಂಗಡಿಯ ಸಂಬಳವೂ ಮನೆಯ ಖರ್ಚೂ ಅವಳಿಗೆ ಬಾಯಿಪಾಠ. "ಆಗಲಿ," ಎಂದಳು. ಆಮೇಲೆ ಅವನು ಒಂದು ಗಂಟೆ ಮಲಗಿದ. ಅವಳು ಹತ್ತಿರವೇ ಕುಳಿತು ಅವನ ಶರ್ಟಿನ ಕಳಚಿದ ಗುಂಡಿ ಹೊಲಿದಳು, ಹೊಲಿದ ಮೇಲೂ ಅಲ್ಲೇ ಕುಳಿತಿದ್ದಳು.

ಸಂಜೆ ಬಸ್ ನಿಲ್ದಾಣಕ್ಕೆ ನಾಲ್ವರೂ ನಡೆದರು. ಬಿಸಿಲು ಇನ್ನೂ ಗೋಡೆಗಳ ಮೇಲಿತ್ತು. ಬಸ್ಸು ನಿಂತಿತ್ತು, ಕಂಡಕ್ಟರು ಹತ್ತಿ ಹತ್ತಿ ಎನ್ನುತ್ತಿದ್ದ. ಮಗ ಒಂದು ಕಾಲು ಮೆಟ್ಟಿಲ ಮೇಲಿಟ್ಟಾಗ ಮೇಸ್ತ್ರಿ ಅವನ ತೋಳು ಹಿಡಿದ.

"ಮುಂದಿನ ಶುಕ್ರವಾರ ಬಾ."

ಮಗ ಗೊಂದಲದಿಂದ ನೋಡಿದ. "ಅಪ್ಪ, ಇನ್ನು ತಿಂಗಳಿಗೊಂದು ಸಲ ಅಂತ ಈಗಷ್ಟೇ ಮಾತಾಡಿದ್ವಲ್ಲ."

"ಗೊತ್ತು," ಎಂದ ಮೇಸ್ತ್ರಿ. "ಆದ್ರೂ ಹೇಳ್ಬೇಕು ಅನ್ನಿಸ್ತು."

ಕಂಡಕ್ಟರು ಸೀಟಿ ಊದಿದ. ಮಗ ಹತ್ತಿ ಕಿಟಕಿಯ ಪಕ್ಕ ಕುಳಿತ. ಬಸ್ಸು ಅಲುಗಾಡಿ ಹೊರಡುತ್ತಿದ್ದಂತೆ ಸೊಸೆ ನಾಲ್ಕು ಹೆಜ್ಜೆ ಓಡಿ ಗಾಜು ತಟ್ಟಿದಳು. ಅವನು ಗಾಜು ಸರಿಸಿದ.

"ನನ್ನದೂ ಅದೇ ಮಾತು ರೀ," ಎಂದಳು.

ಅವನು ಏನೋ ಅಂದ, ಇಂಜಿನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲ. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ಮೂವರೂ ಅಲ್ಲೇ ನಿಂತಿದ್ದರು, ಮುಂದಿನ ಬಸ್ಸಿನವರು ದಾರಿ ಬಿಡಿ ಎನ್ನುವವರೆಗೆ.